ಬ್ರೈಲ್ ಕೋಣೆಗೆ ಹೊಸ ಆಪರೇಟಿಂಗ್ ಸಿಸ್ಟಂ ಬಂದ ಬಗೆ

ಕಚೇರಿಗಳ ಗಣಕೀಕರಣ ವಿಭಾಗದ ನಿರ್ದೇಶಕರ ಕುರ್ಚಿಯಲ್ಲಿ ಈ ಹೊತ್ತು ಕೂತಿರುವವರಿಗೆ,

ಮಾನ್ಯರೇ,

ಕೆಲಸ ಮಾಡುತ್ತಿದ್ದ ಒಂದು ಕಂಪ್ಯೂಟರನ್ನೂ ಕೆಲಸ ಬಲ್ಲ ಒಬ್ಬ ಮನುಷ್ಯನನ್ನೂ ನೀವು ಒಂದೇ ವಾರದಲ್ಲಿ ನಮ್ಮ ಕೋಣೆಯಿಂದ ಹೊರಗೆ ಹಾಕಿದ್ದೀರಿ. ಎರಡನ್ನೂ ವಾಪಸು ಕೇಳುವುದಕ್ಕೆ ಈ ಪತ್ರ. ಊರೆಲ್ಲ ಓದುವ ಹಾಗೆ ಪತ್ರಿಕೆಗೆ ಬರೆಯುವುದು ನನ್ನ ಸ್ವಭಾವವಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮೇಲಿನವರಿಗೆ ಎದುರಾಡಿದವಳೂ ಅಲ್ಲ. ಆದರೆ ನಿಮ್ಮ ವಿಭಾಗಕ್ಕೆ ನಾನು ಬರೆದ ನಾಲ್ಕು ಪತ್ರಗಳಲ್ಲಿ ಮೂರಕ್ಕೆ ಉತ್ತರವೇ ಬರಲಿಲ್ಲ. ನಾಲ್ಕನೆಯದಕ್ಕೆ ಬಂತು; ಬರೆದದ್ದು ಮಾತ್ರ ಮನುಷ್ಯರಲ್ಲ. “ನಿಮ್ಮ ದೂರನ್ನು ಪರಿಹರಿಸಲಾಗಿದೆ. ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?” ಎಂದಿತ್ತು. ಹಗಲು ಹೊತ್ತಿನಲ್ಲೇ ನಕ್ಷತ್ರ ಕಾಣಿಸಿದ ಮೇಲೆ ಐದಕ್ಕೆ ನಿಲ್ಲಿಸುವುದು ಹೇಗೆ?

ನನ್ನ ಕೋಣೆಯನ್ನು ನೀವು ನೋಡಿಲ್ಲ. ಸಾರ್ವಜನಿಕ ಗ್ರಂಥಾಲಯದ ನೆಲಮಹಡಿಯಲ್ಲಿ, ದಿನಪತ್ರಿಕೆ ಓದುವ ಹಾಲ್ ದಾಟಿ, ಮೆಟ್ಟಿಲ ಹಿಂದಿನ ಉದ್ದನೆಯ ಕೋಣೆ. ಒಂದು ಕಿಟಕಿ, ಎರಡು ಮೇಜು, ಗೋಡೆಯುದ್ದಕ್ಕೂ ದಪ್ಪ ಕಾಗದದ ರಟ್ಟಿನ ಪೆಟ್ಟಿಗೆಗಳು. ಮೂಲೆಯಲ್ಲಿ ಮರದ ಗೂಡೊಳಗೆ ಬ್ರೈಲ್ ಮುದ್ರಣ ಯಂತ್ರ. ಅದು ಶಾಯಿಯಲ್ಲಿ ಬರೆಯುವುದಿಲ್ಲ, ಕಾಗದಕ್ಕೆ ಕುಟ್ಟಿ ಕುಟ್ಟಿ ಚುಕ್ಕಿ ಎಬ್ಬಿಸುತ್ತದೆ. ಆ ಸದ್ದಿಗೆ ಹಾಲಿನಲ್ಲಿ ಓದುವವರು ಜಗಳಕ್ಕೆ ಬರುತ್ತಿದ್ದರೆಂದು ಗೂಡಿನ ಒಳಗೋಡೆಗೆ ನಾನೇ ಹಳೆಯ ಹಾಸಿಗೆಯ ಹತ್ತಿ ಹೊಲಿದು ಅಂಟಿಸಿದ್ದೇನೆ. ಯಂತ್ರಕ್ಕೆ ಹತ್ತೊಂಬತ್ತು ವರ್ಷ. ಅದನ್ನು ನಡೆಸುತ್ತಿದ್ದ ಕಂಪ್ಯೂಟರಿಗೆ ಹನ್ನೆರಡು. ಎರಡೂ ಜಗಳವಾಡದೆ ಬಾಳುತ್ತಿದ್ದವು.

ಎದುರಿನ ಮೇಜಿನಲ್ಲಿ ನಮ್ಮ ಕರಡು ತಿದ್ದುವವರು ಕೂರುತ್ತಿದ್ದರು. ಹುಟ್ಟಿನಿಂದಲೇ ಅವರಿಗೆ ದೃಷ್ಟಿಯಿಲ್ಲ. ಗ್ರಂಥಾಲಯದವರೆಲ್ಲ ಅವರನ್ನು ಬೆರಳು ಮೇಷ್ಟ್ರು ಎನ್ನುತ್ತಾರೆ. ಒಂದು ದಿನವೂ ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಯಾರು ತಪ್ಪು ಮಾತಾಡಿದರೂ ತಿದ್ದುವ ಚಟದಿಂದ ಮೇಷ್ಟ್ರಾದವರು. ಕಂಪ್ಯೂಟರು ಪರದೆಯ ಮೇಲಿರುವುದನ್ನು ಕಿವಿಗೆ ಓದಿ ಹೇಳುತ್ತಿತ್ತು, ಅವರು ಕೀಲಿಮಣೆಯಲ್ಲಿ ತಿದ್ದುತ್ತಿದ್ದರು, ಆಮೇಲೆ ಮುದ್ರಣವಾದ ಹಾಳೆಯ ಮೇಲೆ ಬೆರಳಾಡಿಸಿ ಮತ್ತೊಮ್ಮೆ ನೋಡುತ್ತಿದ್ದರು. ಹದಿನಾಲ್ಕು ವರ್ಷದಿಂದ ಗುತ್ತಿಗೆ ನೌಕರರು. ನನಗಿಂತ ಎಂಟು ವರ್ಷ ಚಿಕ್ಕವರು, ನನ್ನನ್ನು ಅಕ್ಕಾ ಎನ್ನುತ್ತಾರೆ.

ಹೀಗಿರುವಾಗ ನಿಮ್ಮ ಸುತ್ತೋಲೆ ಬಂತು. ಮೂವತ್ತು ದಿನಗಳೊಳಗೆ ಎಲ್ಲ ಕಚೇರಿಗಳೂ “ಆಧುನಿಕ ಕಾರ್ಯಾಚರಣಾ ವ್ಯವಸ್ಥೆ”ಗೆ ಬದಲಾಗತಕ್ಕದ್ದು, ಹೊಸ ವ್ಯವಸ್ಥೆಗೆ ಅರ್ಹವಲ್ಲದ ಕಂಪ್ಯೂಟರುಗಳಿಗೆ ಸೀಲು ಹಾಕಿ ಗುಜರಿಗೆ ಕಳಿಸತಕ್ಕದ್ದು. ಅರ್ಹತೆ! ಕೆಲಸ ಮಾಡುವುದು ಅರ್ಹತೆಯಲ್ಲವೇ ಸ್ವಾಮಿ? ನನ್ನ ಯಜಮಾನರು ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಸುತ್ತೋಲೆ ಓದಿ ಹೇಳಿದಾಗ ಅವರು ಕನ್ನಡಕ ತೆಗೆದು ಕೇಳಿದರು: “ಹೊಲೀತಾ ಇರೋ ಯಂತ್ರಾನ ಯಾರಾದ್ರೂ ಗುಜರಿಗೆ ಹಾಕ್ತಾರೇನೇ?” ಆ ಪ್ರಶ್ನೆ ನಿಮಗೆ ಸೇರಬೇಕಾದದ್ದು. ಉತ್ತರ ದಯವಿಟ್ಟು ಹೇಳಿ, ಅವರಿಗೆ ಮುಟ್ಟಿಸುತ್ತೇನೆ.

ಆ ಹೊತ್ತಿಗೆ ನಮ್ಮ ಕೈಯಲ್ಲಿ ಒಂದು ದೊಡ್ಡ ಕೆಲಸವಿತ್ತು. ಬಸ್ ಕಂಡಕ್ಟರ್ ಒಬ್ಬರ ಮಗಳು, ಹದಿನಾರು ವರ್ಷ, ಕಣ್ಣು ಕಾಣದವಳು, ಶಾಲೆಯ ಕೊನೆಯ ವರ್ಷದ ಪರೀಕ್ಷೆಗೆ ಗಣಿತ ತೆಗೆದುಕೊಂಡಿದ್ದಳು. ಅವಳಂಥವರು ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳಬಹುದೆಂಬ ರಿಯಾಯಿತಿ ಇದೆ. ಅವಳಿಗೆ ಆ ರಿಯಾಯಿತಿ ಬೇಕಿರಲಿಲ್ಲ, ಗಣಿತವೇ ಬೇಕಿತ್ತು. ಮಾಮೂಲಿ ಪಠ್ಯಪುಸ್ತಕ ಬ್ರೈಲಿಗೆ ಬಂದರೆ ಹನ್ನೊಂದು ಸಂಪುಟವಾಗುತ್ತದೆ. ಐದು ಮುಗಿದಿದ್ದವು. ಪರೀಕ್ಷೆಗೆ ಒಂಬತ್ತು ವಾರವಿತ್ತು. ತಾಯಿ ಪ್ರತಿ ಶನಿವಾರ ಪಾಳಿ ಮುಗಿಸಿ, ಯೂನಿಫಾರ್ಮಿನಲ್ಲೇ, ದೊಡ್ಡ ಕೈಚೀಲ ಹಿಡಿದು ಬಂದು ಸಂಪುಟ ಒಯ್ಯುತ್ತಿದ್ದರು.

ಇದನ್ನೆಲ್ಲ ಬರೆದು, ಪರೀಕ್ಷೆ ಮುಗಿಯುವವರೆಗಾದರೂ ನಮ್ಮನ್ನು ಬಿಟ್ಟುಬಿಡಿ ಎಂದು ಕೇಳಿಕೊಂಡೆ. ಆ ಪತ್ರಕ್ಕೇ ನೀವು ನಕ್ಷತ್ರ ಕೇಳಿದ್ದು.

ಹೊಸ ಕಂಪ್ಯೂಟರು ಬಂತು. ಕೂರಿಸಲು ಬಂದ ಎಂಜಿನಿಯರು ಒಳ್ಳೆಯ ಮನುಷ್ಯ, ಆ ದಿನ ಅವರಿಗೆ ಅದು ಒಂಬತ್ತನೆಯ ಕಚೇರಿಯಂತೆ. ಅವರ ಮೇಲೆ ನನಗೆ ಕೋಪವಿಲ್ಲ. ಯಂತ್ರ ಮೊದಲು ಮೇಷ್ಟ್ರ ಫೋನ್ ನಂಬರು ಕೇಳಿತು, ಆಮೇಲೆ ಹುಟ್ಟಿದ ತಾರೀಕು ಕೇಳಿತು, ಆಮೇಲೆ ಮುಖ ಕೇಳಿತು. “ನಿಮ್ಮ ಮುಖವನ್ನು ವೃತ್ತದ ಮಧ್ಯಕ್ಕೆ ತನ್ನಿ. ಕ್ಯಾಮೆರಾವನ್ನು ನೇರವಾಗಿ ನೋಡಿ.” ವೃತ್ತ ಎಲ್ಲಿದೆ ಎಂದು ಮೇಷ್ಟ್ರಿಗೆ ಹೇಗೆ ತಿಳಿಯಬೇಕು? ಎಂಜಿನಿಯರು ನಾಚಿಕೊಂಡು ನನ್ನ ಕಡೆ ತಿರುಗಿದರು. “ಮೇಡಂ, ನೀವೇ ಸ್ವಲ್ಪ ಅವರ ತಲೆ ಹಿಡ್ಕೊಳ್ತೀರಾ?” ಕ್ಷೌರದಂಗಡಿಯಲ್ಲಿ ಹಿಡಿಯುವ ಹಾಗೆ ಆ ದೊಡ್ಡ ಮನುಷ್ಯನ ಗದ್ದ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದೆ. ಯಂತ್ರ ಹೇಳಿತು: “ಕಣ್ಣು ತೆರೆದು ನೋಡಿ.” ಮೇಷ್ಟ್ರು ನಕ್ಕರು. ನಾನು ನಗಲಿಲ್ಲ, ಎಂಜಿನಿಯರೂ ನಗಲಿಲ್ಲ. ಕಡೆಗೆ ಮುಖದ ಗೊಡವೆ ಬಿಟ್ಟು ಪಾಸ್‌ವರ್ಡ್ ಕೊಟ್ಟು ಒಳಗೆ ಹೋದೆವು.

ಒಳಗೆ ಹೋದ ಮೇಲಿನ ಕಥೆ ಕೇಳಿ. ಕಣ್ಣಿಲ್ಲದವರು ಕಂಪ್ಯೂಟರನ್ನು ಬೆರಳ ನೆನಪಿನಲ್ಲಿ ನಡೆಸುತ್ತಾರೆ: ಈ ಕೀಲಿ ಮೂರು ಸಲ, ಆ ಕೀಲಿ ಎರಡು ಸಲ, ಅಲ್ಲಿಗೆ ಕಡತ ತೆರೆಯಿತು. ಹೊಸ ವ್ಯವಸ್ಥೆಯಲ್ಲಿ ಎಲ್ಲವೂ ಜಾಗ ಬದಲಿಸಿದ್ದವು. ನೀವು ಊಟ ಮುಗಿಸಿ ಬರುವಷ್ಟರಲ್ಲಿ ನಿಮ್ಮ ಕೋಣೆಯ ಬಾಗಿಲು ಕಿಟಕಿಯಿದ್ದ ಕಡೆಗೂ, ಕಿಟಕಿ ಕಪಾಟಿದ್ದ ಕಡೆಗೂ ಹೋಗಿದ್ದರೆ ಹೇಗಿರುತ್ತದೆ? ಹೋಗಲಿ, ಹೊಸ ದಾರಿ ಕಲಿತರಾಯಿತು ಎಂದು ಮೇಷ್ಟ್ರು ಒಂದು ವಾರ ಕೂತು ಕಲಿತರು. ಎರಡನೆಯ ವಾರ ಅದು ತಾನೇ ತಾನಾಗಿ ಅಪ್‌ಡೇಟ್ ಆಯಿತು, ಬಾಗಿಲುಗಳು ಮತ್ತೆ ಜಾಗ ಬದಲಿಸಿದವು.

ಅದಕ್ಕೆ ಬಾಯಿ ಬಿಗಿಹಿಡಿಯುವ ಅಭ್ಯಾಸವೂ ಇಲ್ಲ. ಕೇಳದಿದ್ದರೂ ಹವಾಮಾನ, ಪಂದ್ಯದ ಸ್ಕೋರು, ಯಾರದೋ ಮದುವೆ ಸುದ್ದಿ ಎಲ್ಲವನ್ನೂ ಮೂಲೆಯಲ್ಲಿ ತೋರಿಸುತ್ತದೆ. ಕಣ್ಣಿರುವವರು ಅದನ್ನು ನೋಡದೆ ಬಿಡಬಹುದು. ಮೇಷ್ಟ್ರ ಕಿವಿಗೆ ಅದೆಲ್ಲವೂ ಪಾಠದ ಜೊತೆಗೇ ಬೀಳುತ್ತಿತ್ತು. “ತ್ರಿಭುಜದ ಮೂರು ಕೋನಗಳ ಮೊತ್ತ, ಈಗ ಮೋಡ ಕವಿದಿದೆ, ಇಪ್ಪತ್ತಾರು ಡಿಗ್ರಿ.” ಅವರು ಇಯರ್‌ಫೋನ್ ತೆಗೆದು ಗಂಭೀರವಾಗಿ ಹೇಳಿದರು: “ಅಕ್ಕಾ, ಹೊಸ ಸಿಸ್ಟಂನಲ್ಲಿ ತ್ರಿಭುಜ ತುಂಬಾ ಸೊರಗಿದೆ.”

ಇನ್ನೊಂದು ದಿನದ ವಿಷಯ ಹೇಳಲೇಬೇಕು. ನಾನು ಕಾಗದ ತರಲು ಉಗ್ರಾಣಕ್ಕೆ ಹೋಗಿದ್ದೆ. ಬರುವ ಹೊತ್ತಿಗೆ ಮೇಷ್ಟ್ರು ಇಯರ್‌ಫೋನ್ ಹಾಕಿಕೊಂಡು, ಎರಡೂ ಕೈ ಕೀಲಿಮಣೆಯ ಮೇಲಿಟ್ಟು, ಅಲುಗಾಡದೆ ಕೂತಿದ್ದರು. “ಅಕ್ಕಾ, ಕರೆಂಟ್ ಹೋಗಿದ್ಯಾ?” ಎಂದರು. ಇಲ್ಲ ಎಂದೆ. “ಹೌದು, ಫ್ಯಾನ್ ಗಾಳಿ ಬರ್ತಾ ಇದೆ. ಇದೊಂದು ಮಾತಾಡ್ತಿಲ್ಲ. ಮುಕ್ಕಾಲು ಗಂಟೆ ಆಯ್ತು. ಇದು ಸತ್ತಿದ್ಯೋ, ನನ್ನ ಕಿವಿನೂ ಹೋಯ್ತೋ ಗೊತ್ತಾಗ್ಲಿಲ್ಲ.” ಪರದೆ ನೋಡಿದೆ. ಒಂದು ಚಕ್ರ ತಿರುಗುತ್ತಿತ್ತು. ಕೆಳಗೆ, “ಅಪ್‌ಡೇಟ್ ನಡೆಯುತ್ತಿದೆ. ಕಂಪ್ಯೂಟರನ್ನು ಆಫ್ ಮಾಡಬೇಡಿ. ಸ್ವಲ್ಪ ವಿಶ್ರಾಂತಿ ಪಡೆಯಿರಿ.” ಇಷ್ಟನ್ನು ಬಾಯಿಬಿಟ್ಟು ಹೇಳುವುದು ಅದಕ್ಕೆ ಬರುತ್ತಿರಲಿಲ್ಲ. ಆರನೆಯ ಸಂಪುಟದಲ್ಲಿ ಅವರು ಅಂದು ಬೆಳಗ್ಗೆ ತಿದ್ದಿದ್ದೆಲ್ಲ ಉಳಿಯದೆ ಹೋಗಿತ್ತು. ಸಹಾಯವಾಣಿಗೆ ಫೋನ್ ಮಾಡಿದರು. ಆ ಕಡೆಯ ದನಿ ಬಹಳ ವಿನಯದಿಂದ, “ಪರದೆ ಮೇಲೆ ಏನ್ ಕಾಣಿಸ್ತಿದೆಯೋ ಅದರ ಫೋಟೊ ತೆಗೆದು ಕಳಿಸಿ ಸರ್” ಎಂದಿತು.

ಎಲ್ಲಕ್ಕಿಂತ ದೊಡ್ಡ ತೊಂದರೆ ಮುದ್ರಣ ಯಂತ್ರದ್ದು. ಅದರ ಕೇಬಲ್ಲು ಹಳೆಯ ಕಾಲದ್ದು, ಅಂಗೈಯಗಲದ ಪ್ಲಗ್ಗು. ಹೊಸ ಕಂಪ್ಯೂಟರಿಗೆ ಅಂಥ ಬಾಯೇ ಇಲ್ಲ. ನಡುವೆ ಹಾಕುವ ಬದಲಿ ಕೇಬಲ್ಲು ತರಿಸಿದೆವು, ಪರದೆಯ ಮೇಲೆ ಬಂತು, “ಈ ಸಾಧನವನ್ನು ಗುರುತಿಸಲಾಗಲಿಲ್ಲ.” ಯಂತ್ರ ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿದೆ. ಹೊಸ ಯಂತ್ರದ ನನ್ನ ಕೋರಿಕೆ ನಿಮ್ಮದೇ ವಿಭಾಗದಲ್ಲಿ ಎಲ್ಲೋ ಮಲಗಿದೆ. ಹೊಸದೆಲ್ಲ ಕೆಟ್ಟದ್ದೆಂದು ಗೊಣಗುವವಳು ನಾನಲ್ಲ. ಪುಸ್ತಕ ಎರವಲು ವಿಭಾಗದವರು ಅದೇ ಸಿಸ್ಟಂನಲ್ಲಿ ಸುಖವಾಗಿದ್ದಾರೆ, ಇರಲಿ. ಒಂದು ಅಳತೆಯ ಚಪ್ಪಲಿ ಹೊಲಿದು ಊರಿಗೆಲ್ಲ ಹಂಚಿ, ಸರಿಹೋಗದ ಕಾಲನ್ನೇ ಕತ್ತರಿಸಿ ಎನ್ನುವುದು ಯಾವ ಆಧುನಿಕತೆ ಎಂದಷ್ಟೇ ನನ್ನ ಪ್ರಶ್ನೆ.

ಮೂರು ಶನಿವಾರ ಕಂಡಕ್ಟರಮ್ಮ ಖಾಲಿ ಕೈಚೀಲ ಹಿಡಿದು ವಾಪಸು ಹೋದರು. ಮೂರನೆಯ ಶನಿವಾರ ಅವರು ಬಾಗಿಲಲ್ಲೇ ನಿಂತು ಹೇಳಿದರು: “ಮೇಡಂ, ನಾನೇ ಓದಿ ಹೇಳೋಣಾಂತ ಕೂತೆ. ಲೆಕ್ಕ ಓದ್ತೀನಿ. ಚಿತ್ರ ಹೇಗೆ ಓದ್ಲಿ? ತ್ರಿಕೋನದೊಳಗೆ ಒಂದು ಗೆರೆ ಇದೆ ಅಂದೆ. ಎಲ್ಲಿಂದ ಎಲ್ಲಿಗಮ್ಮಾ ಅಂದ್ಳು. ಮೇಲಿಂದ ಕೆಳಕ್ಕೆ ಅಂದೆ. ಯಾವುದು ಮೇಲೆ ಅಂದ್ಳು. ಪುಸ್ತಕ ಮುಚ್ಚಿಟ್ಟೆ.” ಆಕೆ ಅಳಲಿಲ್ಲ. ದಿನವಿಡೀ ಜನರ ಜೊತೆ ಗುದ್ದಾಡುವವರು ಸುಲಭಕ್ಕೆ ಅಳುವುದಿಲ್ಲ. ಕೈಚೀಲವನ್ನು ಮಡಿಸಿ, ಮತ್ತೆ ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಅವರು ಹೋದ ಮೇಲೆ ಮೇಷ್ಟ್ರು ಕೇಳಿದರು: “ಅಕ್ಕಾ, ನಮ್ಮ ಹಳೇ ಕಂಪ್ಯೂಟರ್ ಎಲ್ಲಿದೆ?”

“ಮೆಟ್ಟಿಲ ಕೆಳಗೆ. ಒಳಗಿದ್ದ ಸಿಸ್ಟಂ ಅಳಿಸಿಹಾಕಿದಾರೆ. ಗುಜರಿಯವರು ಇನ್ನೂ ಬಂದಿಲ್ಲ.”

“ತಂದ್ಬಿಡೋಣ. ನನ್ನ ಮನೇಲಿ ಬೇರೆ ಸಿಸ್ಟಂ ಇದೆ. ಯಾರ ಅಪ್ಪಣೆನೂ ಕೇಳ್ಬೇಕಾಗಿಲ್ಲ, ಯಾರು ಬೇಕಾದ್ರೂ ಹಾಕ್ಕೋಬಹುದು. ಎಷ್ಟು ಹಳೇ ಮೆಷಿನ್ ಆದ್ರೂ ನಡೆಯುತ್ತೆ.”

“ಸೀಲು ಹಾಕಿದಾರಲ್ಲ ಮೇಷ್ಟ್ರೇ?”

“ನನಗೆ ಕಾಣಿಸ್ಲಿಲ್ಲ” ಎಂದರು ಅವರು.

ಕಾಣಿಸಿದ್ದು ನನಗೆ. ಸೀಲು ಒಡೆದವಳು ನಾನು, ಅವರಲ್ಲ. ಈ ವಾಕ್ಯವನ್ನು ದಯವಿಟ್ಟು ಎರಡು ಸಲ ಓದಿಕೊಳ್ಳಿ.

ಜಗತ್ತಿನ ನಾನಾ ಕಡೆಯ ಜನ ಸೇರಿ ಬರೆದು, ಎಲ್ಲರಿಗೂ ಬಿಟ್ಟುಕೊಟ್ಟಿರುವ ಮುಕ್ತ ವ್ಯವಸ್ಥೆ ಅದು. ಮೇಷ್ಟ್ರು ಪೆನ್ ಡ್ರೈವಿನಲ್ಲಿ ತಂದಿದ್ದರು. ಚುಚ್ಚಿ ಆನ್ ಮಾಡಿ ಒಂದು ಕೀಲಿ ಒತ್ತಿದರು, ಒಳಗೆ ಏನೂ ಇಲ್ಲದ ಆ ಯಂತ್ರ ಮೊದಲ ಹೆಜ್ಜೆಯಲ್ಲೇ ಮಾತಾಡಿತು. ದನಿ ಚೆನ್ನಾಗಿರಲಿಲ್ಲ, ನೆಗಡಿಯಾದವರು ಡಬ್ಬದೊಳಗೆ ಕೂತು ಮಾತಾಡಿದ ಹಾಗಿತ್ತು. ಆದರೆ ಯಾವ ಭಾಷೆ, ಯಾವ ಡಿಸ್ಕು, ಮುಂದೆ ಹೋಗಲೇ ಎಂದು ಪ್ರತಿಯೊಂದನ್ನೂ ಅವರನ್ನೇ ಕೇಳಿತು. ಯಾರ ತಲೆಯನ್ನೂ ಯಾರೂ ಹಿಡಿಯಬೇಕಾಗಲಿಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಮೇಷ್ಟ್ರು ಒಂದು ಕಂಪ್ಯೂಟರನ್ನು ಬೇರೆಯವರ ಕಣ್ಣಿಲ್ಲದೆ ತಾವೇ ಸಿದ್ಧಪಡಿಸುವುದನ್ನು ನೋಡಿದೆ. ಬೆನ್ನು ನೆಟ್ಟಗಾಗಿತ್ತು.

ಸುಳ್ಳು ಹೇಳುವುದಿಲ್ಲ, ಅದೇನು ಸ್ವರ್ಗವಲ್ಲ. ಎರಡು ಸಲ ಅರ್ಧಕ್ಕೆ ನಿಂತಿತು. ಮುದ್ರಣ ಯಂತ್ರ ಕುಟ್ಟಲು ಶುರುಮಾಡಿದಾಗ ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. ಹಾಳೆ ಮುಟ್ಟಿ ನೋಡಿದರೆ ಅದರಲ್ಲಿ ಒಂದು ಪದವೂ ಇರಲಿಲ್ಲ, ಬರೀ ಚುಕ್ಕಿಯ ಗದ್ದಲ. ಅದು ಸರಿಯಾದ ಮೇಲೆ ಒತ್ತಕ್ಷರಗಳು ಕೆಟ್ಟವು. ಮೇಷ್ಟ್ರು ತಮ್ಮ ಫೋನಿನಿಂದ ತಮ್ಮಂಥ ಬಳಕೆದಾರರ ಗುಂಪಿಗೆ ಬರೆದು ಕೇಳಿದರು. ಎಲ್ಲಿಯವರೋ, ಅವರಿಗೂ ಕಣ್ಣು ಕಾಣದಂತೆ, ಮಧ್ಯಾಹ್ನ ಕೇಳಿದ್ದಕ್ಕೆ ಸಂಜೆಯೊಳಗೆ ಉತ್ತರ ಬರೆದರು: ಅಕ್ಷರವನ್ನು ಚುಕ್ಕಿಯಾಗಿಸುವ ನಿಯಮಗಳೆಲ್ಲ ಇಂಥ ಕಡತದಲ್ಲಿವೆ, ತೆರೆದು ನೋಡಿ, ತಪ್ಪಿದ್ದರೆ ನೀವೇ ತಿದ್ದಿ, ತಿದ್ದಿದ್ದನ್ನು ನಮಗೂ ಕಳಿಸಿ. ಮೇಷ್ಟ್ರು ತೆರೆದರು, ಎರಡು ಸಾಲು ತಿದ್ದಿದರು, ಒತ್ತಕ್ಷರ ಸರಿಯಾಯಿತು. ಅವರು ತಿದ್ದಿದ್ದು ಈಗ ಎಲ್ಲರಿಗೂ ಸಿಗುತ್ತದಂತೆ. ನಿಮ್ಮ ವ್ಯವಸ್ಥೆಯಲ್ಲಿ ಒಂದು ತಪ್ಪು ತೋರಿಸಿದರೆ ನಕ್ಷತ್ರ ಕೇಳುತ್ತಾರೆ. ಇಲ್ಲಿ ಲೇಖನಿ ಕೈಗೆ ಕೊಟ್ಟರು. ಇದಕ್ಕಿಂತ ಹೆಚ್ಚಿನ ತಾಂತ್ರಿಕ ಹೋಲಿಕೆ ನನಗೆ ಬಾರದು.

ಮುಂದಿನ ಮೂರು ವಾರದಲ್ಲಿ ಆರು, ಏಳು, ಎಂಟು, ಒಂಬತ್ತನೆಯ ಸಂಪುಟಗಳು ಆದವು. ಕಂಡಕ್ಟರಮ್ಮನ ಕೈಚೀಲ ತುಂಬಿತು. ಉಳಿದದ್ದು ಎರಡು: ಘನಾಕೃತಿಗಳದ್ದು ಹತ್ತನೆಯದು, ಸಂಖ್ಯಾಶಾಸ್ತ್ರದ್ದು ಹನ್ನೊಂದನೆಯದು.

ಆಗ ನಿಮ್ಮ ತಪಾಸಣಾ ತಂಡ ಬಂತು. ಮೂವರು. ಪುಸ್ತಕ ಮುಟ್ಟಲಿಲ್ಲ, ಏನು ಮುದ್ರಿಸುತ್ತೀರಿ ಎಂದು ಕೇಳಲಿಲ್ಲ. ಹಳೆಯ ಕಂಪ್ಯೂಟರಿನ ಫೋಟೊ ತೆಗೆದರು. “ಇದು ಅನಧಿಕೃತ ಸಿಸ್ಟಂ ಮೇಡಂ. ಸೆಕ್ಯೂರಿಟಿ ಪ್ರಾಬ್ಲಂ.” ನಾನೆಂದೆ, ಇದಕ್ಕೆ ಇಂಟರ್ನೆಟ್ ಕನೆಕ್ಷನ್ನೇ ಕೊಟ್ಟಿಲ್ಲ, ಇದರೊಳಗಿರುವುದು ಗಣಿತದ ಪುಸ್ತಕ ಒಂದೇ, ಪೈಥಾಗೊರಸನ ಪ್ರಮೇಯವನ್ನು ಯಾರು ಕದಿಯುತ್ತಾರೆ? ಅವರಲ್ಲೊಬ್ಬರು ಬೇಸರದಿಂದಲೇ ಹೇಳಿದರು: “ನಮಗೂ ಗೊತ್ತಾಗುತ್ತೆ ಮೇಡಂ. ಲಿಸ್ಟ್‌ನಲ್ಲಿಲ್ಲ, ಅಷ್ಟೆ.” ಕಂಪ್ಯೂಟರನ್ನು ವ್ಯಾನಿಗೆ ಹಾಕಿಕೊಂಡು ಹೋದರು.

ನಾಲ್ಕು ದಿನದ ಮೇಲೆ ಮೆಮೊ. ಮೇಷ್ಟ್ರ ಹೆಸರಿಗೆ, ಕಾಗದದಲ್ಲಿ, ಶಾಯಿಯಲ್ಲಿ. ಅವರು ಲಕೋಟೆ ಒಡೆದು, ಹಾಳೆಯ ಮೇಲೆ ಒಮ್ಮೆ ಬೆರಳಾಡಿಸಿ, ನನ್ನ ಕಡೆ ಚಾಚಿದರು. “ಓದಿ ಅಕ್ಕಾ.” ಒಬ್ಬ ಮನುಷ್ಯನ ಕೆಲಸ ಹೋದ ಪತ್ರವನ್ನು ಅವನಿಗೇ ಗಟ್ಟಿಯಾಗಿ ಓದಿ ಹೇಳುವ ಕೆಲಸವನ್ನು ನೀವು ನನಗೆ ಕೊಟ್ಟಿರಿ. “ಮಾಹಿತಿ ಸುರಕ್ಷತೆಯ ದೃಷ್ಟಿಯಿಂದ ಸದರಿಯವರ ಗುತ್ತಿಗೆಯನ್ನು ಮುಂದುವರಿಸದಿರಲು ನಿರ್ಧರಿಸಲಾಗಿದೆ” ಎಂದು ಓದಿದೆ.

“ಏನಂದ್ರಿ? ದೃಷ್ಟಿಯಿಂದಾನಾ?”

“ಹೌದು, ಹಾಗೇ ಇದೆ.”

“ಸರಿಯಾಗೇ ಬರ್ದಿದ್ದಾರೆ ಬಿಡಿ. ಕಾಗುಣಿತ ತಪ್ಪಿಲ್ಲ.” ಮೇಜಿನ ಅರೆಯಿಂದ ತಮ್ಮ ಟೀ ಲೋಟ, ಒಂದು ಸ್ವೆಟರು, ಬಾಚಣಿಗೆ ತೆಗೆದು ಚೀಲಕ್ಕೆ ಹಾಕಿಕೊಂಡರು. ಬಾಗಿಲ ಬಳಿ ನಿಂತು, “ಹತ್ತನೇದರ ಮೂಲಪ್ರತಿ ಕೊಡಿ” ಎಂದರು.

ಮಾನ್ಯರೇ, ಹತ್ತನೆಯ ಸಂಪುಟ ಹೇಗೆ ಆಯಿತೆಂದು ನಿಮಗೆ ಗೊತ್ತೇ? ಸೈಕಲ್ ಅಂಗಡಿಯ ಮೇಲಿನ ಅವರ ಒಂಟಿ ಕೋಣೆಯಲ್ಲಿ, ನಾನು ಆಫೀಸು ಮುಗಿಸಿ ಹೋಗಿ ಸಂಜೆ ಎರಡು ಗಂಟೆ ಓದಿ ಹೇಳುತ್ತಿದ್ದೆ. ಅವರು ಸಾಲು ಸಾಲು ಕಿಂಡಿಗಳಿರುವ ಲೋಹದ ಪಟ್ಟಿಯನ್ನು ಹಾಳೆಯ ಮೇಲೆ ಬಿಗಿದು, ಮೊಳೆಯಂಥ ಕಡ್ಡಿಯಿಂದ ಒಂದೊಂದೇ ಚುಕ್ಕಿ ಚುಚ್ಚುತ್ತಿದ್ದರು. ಬಲದಿಂದ ಎಡಕ್ಕೆ, ಅಕ್ಷರಗಳನ್ನು ತಿರುಗುಮುರುಗಾಗಿ. ಹಾಳೆ ಮಗುಚಿದಾಗ ಓದಲು ಸರಿಯಾಗುತ್ತದೆ. ಶಂಕು, ಸಿಲಿಂಡರುಗಳ ಚಿತ್ರಗಳಿಗೆ ನಾನು ಹೊಲಿಗೆ ದಾರ ಅಂಟಿಸಿದೆ. ದಾರ ಕೊಟ್ಟವರು ನನ್ನ ಯಜಮಾನರು. ಹನ್ನೆರಡು ಸಂಜೆ. ಮೇಷ್ಟ್ರ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಒಡೆಯಿತು. ಸಂಬಳವಿಲ್ಲದ, ಅಧಿಕಾರವಿಲ್ಲದ, ಸಂಪೂರ್ಣ ಅನಧಿಕೃತ ಬೆರಳುಗಳು. ನಿಮ್ಮ ಪಟ್ಟಿಯಲ್ಲಿ ಅವೂ ಇರಲಾರವು.

ಹನ್ನೊಂದನೆಯದಕ್ಕೆ ದಿನ ಉಳಿಯಲಿಲ್ಲ. ಹುಡುಗಿ ಹತ್ತು ಸಂಪುಟ ಓದಿಕೊಂಡು ಪರೀಕ್ಷೆಗೆ ಕೂತಳು, ಹೇಳಿ ಬರೆಸಿದಳು. ಹೋದ ತಿಂಗಳು ಫಲಿತಾಂಶ ಬಂತು. ಪಾಸಾಗಿದ್ದಾಳೆ. ಮುಂದೆ ಗಣಿತವನ್ನೇ ಓದಲು ಬೇಕಾದ ಅಂಕಕ್ಕೆ ಮೂರು ಕಡಿಮೆ. ತಾಯಿ ಮಗಳು ಇಬ್ಬರೂ ನನ್ನ ಕೋಣೆಗೆ ಬಂದಿದ್ದರು. ಎಷ್ಟು ಅಂಕದ್ದು ಬಿಟ್ಟೆ ಮಗಳೇ ಎಂದು ಕೇಳಿದೆ. “ಎಂಟು, ಆಂಟಿ. ಬೇರೆ ಎಲ್ಲಾ ಮಾಡ್ದೆ. ಅವು ನನಗೆ ಬರದೇ ಇರೋವಲ್ಲ, ನಾನು ಓದದೇ ಇರೋವು.” ಯಾರನ್ನೂ ದೂರುವ ದನಿಯಲ್ಲ ಅದು. ಎರಡಕ್ಕೂ ಇರುವ ವ್ಯತ್ಯಾಸ ನನಗೆ ತಿಳಿಯಲಿ ಎಂದಷ್ಟೇ ಹೇಳಿದಳು. ನಿಮಗೂ ತಿಳಿಯಲಿ ಎಂದು ಇಲ್ಲಿ ಬರೆದಿದ್ದೇನೆ.

ನನಗೆ ನಿವೃತ್ತಿಗೆ ಏಳು ತಿಂಗಳಿದೆ. ಈ ಪತ್ರ ಬರೆಯಬೇಡವೆಂದು ಮನೆಯಲ್ಲಿ, ಆಫೀಸಿನಲ್ಲಿ ಎಲ್ಲರೂ ಹೇಳಿದರು. ಸೀಲು ಒಡೆದ ತಪ್ಪಿಗೆ ನನ್ನ ಮೇಲೆ ಏನು ಕ್ರಮ ಬೇಕೋ ತೆಗೆದುಕೊಳ್ಳಿ, ನಾನು ತಕರಾರು ಮಾಡುವುದಿಲ್ಲ. ಜಗಳಕ್ಕೆ ಬೇಕಾದಷ್ಟು ಶಕ್ತಿ ನನ್ನಲ್ಲಿ ಉಳಿದೂ ಇಲ್ಲ. ಉಳಿದಿರುವಷ್ಟರಲ್ಲಿ ಕೇಳುವುದು ಇಷ್ಟು. ನಿಮ್ಮ ಪಟ್ಟಿಗೆ ಒಂದು ಸಾಲು ಸೇರಿಸಿ: ಕೆಲಸಕ್ಕೆ ಒಗ್ಗದ ಕಡೆ ಬೇರೆ ವ್ಯವಸ್ಥೆ ಬಳಸಬಹುದು, ಯಾವುದು ಒಗ್ಗುತ್ತದೆಂದು ಆ ಕೆಲಸ ಮಾಡುವವರು ಹೇಳಲಿ. ವ್ಯಾನಿನಲ್ಲಿ ಒಯ್ದ ಕಂಪ್ಯೂಟರನ್ನು, ಒಳಗಿರುವುದನ್ನು ಅಳಿಸದೆ, ವ್ಯಾನಿನಲ್ಲೇ ತಂದು ಕೊಡಿ. ಮೇಷ್ಟ್ರನ್ನು ಅದೇ ಮೇಜಿಗೆ ಕರೆಯಿರಿ. ಕರೆಯುವ ಪತ್ರವನ್ನು ಅವರೇ ಓದಿಕೊಳ್ಳುವ ಹಾಗೆ ಬ್ರೈಲಿನಲ್ಲಿ ಕಳಿಸಿ. ನಿಮ್ಮ ವಿಭಾಗಕ್ಕೆ ಮುದ್ರಿಸಲು ಬರದಿದ್ದರೆ ಹೇಳಿ ಕಳಿಸಿ, ನಾನು ಕೈಯಲ್ಲೇ ಚುಚ್ಚಿ ಕೊಡುತ್ತೇನೆ.

ಮರುಪರೀಕ್ಷೆಗೆ ಹುಡುಗಿ ಹೆಸರು ಕೊಟ್ಟಾಗಿದೆ. ಅದಕ್ಕೆ ಇನ್ನು ಐದು ವಾರ. ಹನ್ನೊಂದನೆಯ ಸಂಪುಟಕ್ಕೆ ನಮಗೆ ಬೇಕಾಗುವುದು ನಾಲ್ಕು ದಿನ.

ಇಂತಿ,
ಮೇಲ್ವಿಚಾರಣೆ ಮಾಡಲು ಸದ್ಯಕ್ಕೆ ಒಬ್ಬರೂ ಇಲ್ಲದ
ಬ್ರೈಲ್ ವಿಭಾಗದ ಮೇಲ್ವಿಚಾರಕಿ